ವಾಗ್ದೇವಿ ಡಾಕ್ಟರಿಗೆ ಬರೆದ ಕಾಗದ

17-6-76

ವಾಗ್ದೇವಿ,

ನೀನು ನೀರಿಗೆ ಹೋಗಿದ್ದಿ, ಕಾಯಲಾಗಲಿಲ್ಲ. ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಮುಚ್ಚಿಡು.

ಪೊಲೀಸ್ ಬಾಂಬ್ ದಳಕ್ಕೆ ನನ್ನನ್ನು ತೆಗೆದುಕೊಳ್ಳಲಿಲ್ಲ. ನಿನ್ನೆ ಶಿವಮೊಗ್ಗದಿಂದ ಬಂದಾಗ ಹೇಳಲು ಬಾಯಿ ಬರಲಿಲ್ಲ. ಕಣ್ಣು ಸರಿಯಿತ್ತು, ಕೈಯೂ ನಡುಗಲಿಲ್ಲ. ಆಮೇಲೆ ಡಾಕ್ಟರು ಬೆನ್ನ ಹಿಂದೆ ನಿಂತು ಎಡಗಿವಿಗೆ ಗಡಿಯಾರ ಹಿಡಿದರು. "ಕೇಳ್ತದೆ ಸಾರ್" ಅಂದೆ. ಗಡಿಯಾರವನ್ನು ಮುಂದೆ ತಂದು ತೋರಿಸಿದರು. ಅದಕ್ಕೆ ಕೀ ಕೊಟ್ಟೇ ಇರಲಿಲ್ಲ.

"ನಿಮ್ಮ ಮನೆಯವ್ರು ಬರ್ದಿದ್ದು ನಿಜ ಕಣ್ರೀ" ಎಂದು ನಿನ್ನ ಕಾಗದವನ್ನು ಕೈಗೆ ಕೊಟ್ಟರು.

ಜಡೆ ಊರಿನಲ್ಲಿ ಹಂದಿ ಕೊಲ್ಲಲು ಇಟ್ಟಿದ್ದ ಸಿಡಿಮದ್ದು ಎತ್ತುವಾಗ ಅದು ಸಿಡಿದು, ಠಾಣೆಯಲ್ಲಿ ನನ್ನ ಜೊತೆಗಿದ್ದ ಪೀರ್ ಸಾಬ್ ಸತ್ತ ದಿನದಿಂದ ಆ ಕಿವಿ ಹೋಗಿದೆ. ನಿನಗೂ ಹೇಳಿರಲಿಲ್ಲ, ನೀನೇ ಕಂಡುಕೊಂಡೆ.

ನಿನ್ನ ಮೇಲೆ ಸಿಟ್ಟಿಲ್ಲ. ದುಃಖವೂ ಆಗುತ್ತಿಲ್ಲ. ಕಾಗದವನ್ನು ನಿನ್ನ ಟ್ರಂಕಿನಲ್ಲಿಟ್ಟಿದ್ದೇನೆ, ಅಮ್ಮನಿಗೆ ತೋರಿಸಬೇಡ.

ಸೊರಬಕ್ಕೆ ಹೋಗಿ ಪೀರ್ ಸಾಬರ ಹೆಂಡತಿ ಸುಗ್ರಾ ಬೀ ಅವರಿಗೆ ವಿಷಯ ತಿಳಿಸಬೇಕು. ಅವರ ಗಂಡನ ಮಣ್ಣಾದ ದಿನ, ಈ ಕೆಲಸವನ್ನು ಸರಿಯಾಗಿ ಕಲಿತು ನಾನು ಮಾಡುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೆ. "ಬ್ಯಾಡ ಅಣ್ಣಾ, ನೀವಾದ್ರೂ ಮನೇಲಿರ್ರಿ" ಅಂದಿದ್ದರು. ಆಗ ಅಲ್ಲಿಂದ ಎದ್ದು ಬಂದಿದ್ದೆ. ಇವತ್ತು ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಊಟಕ್ಕೆ ಕಾಯಬೇಡ.

ಮಹಾಬಲ