ಗುಂಡಿ ನಾಯಿ ಅಂತೆ

ಮೇ 6, ಸೋಮವಾರ

ಯೂನಿಫಾರ್ಮ್ ಪ್ಯಾಂಟುಗಳ ರಾಶಿ. ಬೆಳಿಗ್ಗೆಯಿಂದ ಬರೀ ಜಿಪ್ ಕೂರಿಸುವುದೇ ಆಯಿತು. ಕಟಿಂಗ್ ಟೇಬಲ್ ಕೆಳಗೆ ಮಕ್ಕಳ ಸಂಸಾರ. ನನ್ನ ದೊಡ್ಡವಳು ಅಮ್ಮ ಅಂತೆ, ಎದುರುಮನೆ ಹುಡುಗಿ ಟೀಚರ್ ಅಂತೆ. ಇವರ ಆಟದಲ್ಲಿ ‘ಅಂತೆ’ ಬಿತ್ತೆಂದರೆ ಕೋರ್ಟ್ ಆರ್ಡರ್ ಇದ್ದ ಹಾಗೆ, ಅಪೀಲೇ ಇಲ್ಲ. ಚಿಕ್ಕವಳು ಗುಂಡಿ—ನಾಲ್ಕು ತುಂಬಿಲ್ಲ, ಗುಂಡು ಮುಖ, ಟೈಲರ್ ಮಗಳು, ಬೇರೆ ಹೆಸರು ಅಂಟಲೇ ಇಲ್ಲ—ಅವಳ ಪಾಲಿಗೆ ಉಳಿದದ್ದು ನಾಯಿ. ನಾಯಿ ಮಾತಾಡಬಾರದಂತೆ. ದಿನವಿಡೀ ಅರಳು ಹುರಿದ ಹಾಗೆ ಮಾತಾಡುವವಳು, ಸುಮ್ಮನೆ ಒಪ್ಪಿಬಿಟ್ಟಳು. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಮೇ 8, ಬುಧವಾರ

ಮಾನ ಹೋಯಿತು. ಗುಂಡಿಗೆ ಸ್ಕೂಲ್ ಸೀಟಿನ ಇಂಟರ್‌ವ್ಯೂ. ಹೆಡ್ ಮೇಡಂ ಹೆಸರು ಕೇಳಿದರು—ಬೌ. ಬಣ್ಣ ಕೇಳಿದರು—ಬೌ ಬೌ. ಚಾಕೊಲೇಟ್ ಕೊಟ್ಟರೆ ಕೈ ಚಾಚಲಿಲ್ಲ, ಬಾಯಿ ಚಾಚಿದಳು. ಮಾತು ಬರಲಿ, ಮುಂದಿನ ವರ್ಷ ನೋಡೋಣ ಎಂದರು. ಕಾಡಿ ಬೇಡಿ ಸೋಮವಾರ ಇನ್ನೊಂದು ಸಲ ನೋಡಲು ಒಪ್ಪಿಸಿದೆ. ಸೀಟು ತಪ್ಪಿದರೆ ಇನ್ನೊಂದು ವರ್ಷ ಮೆಷಿನ್ನು, ಕತ್ತರಿ, ಗುಂಡಿ, ಮೂರೂ ಒಂದೇ ಕೋಣೆಯಲ್ಲಿ... ನನ್ನ ಗತಿ?

ದೊಡ್ಡವಳನ್ನು ಹಿಡಿದು ಕೇಳಿದೆ.

"ನಾನೇನ್ ಮಾಡ್ಲಿ? ಆಟ ಇನ್ನೂ ಮುಗ್ದಿಲ್ಲ" ಎಂದಳು.

ಮುಗಿಸೇ ಎಂದು ಗದರಿದೆ. ಮುಗಿಯಿತು ಎಂದು ಘೋಷಿಸಿದಳು. ಗುಂಡಿ ಅವಳ ಮೇಲೆ ಗುರ್ರೆಂದಳು.

ಮೇ 9

ಸ್ನಾನ ಮಾಡಿಸುವಾಗ, ತಲೆ ತುಂಬ ಸೋಪಿನ ನೊರೆ. ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಬಾಯಿಬಿಟ್ಟಳು.

"ಅಮ್ಮಾ, ನಾಯಿ ಅಲ್ದಿದ್ರೆ ಅಕ್ಕಂದಿರು ನನ್ನ ಸೇರಿಸ್ಕೊಳ್ಳಲ್ಲ."

ಬೈಯಬೇಕೆಂದು ಕೂಡಿಟ್ಟದ್ದೆಲ್ಲ ನೀರಿನ ಜೊತೆ ಹೋಯಿತು.

ಪ್ಯಾಂಟು ಬದಿಗಿಟ್ಟು ದೊಡ್ಡ ಹುಡುಗಿಯರಿಬ್ಬರ ಜೊತೆ ಸಂಧಾನಕ್ಕೆ ಕೂತೆ. ಅಮ್ಮ, ಟೀಚರ್ ಎರಡೂ ಹುದ್ದೆ ಖಾಲಿ ಇಲ್ಲವಂತೆ. ಮಗು ಮಾಡಿ ಎಂದೆ. ಮಗು ಅತ್ತು ಆಟ ಕೆಡಿಸುತ್ತದಂತೆ. ಕೊನೆಗೆ ಎದುರುಮನೆಯವಳು ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿ ತೀರ್ಪು ಕೊಟ್ಟಳು: "ಮಾತಾಡೋ ನಾಯಿ ಅಂತೆ."

ಆ ಕ್ಷಣದಿಂದ ನಾಯಿಯ ಬಾಯಿಗೆ ಬಿಡುವಿಲ್ಲ. ನನ್ನ ಕಿವಿಗೂ.

ಮೇ 13, ಸೋಮವಾರ

ಸೀಟು ಸಿಕ್ಕಿತು. ಹೆಸರು, ಬಣ್ಣ, ಅಪ್ಪನ ಗೊರಕೆ, ಕೇಳಿದ್ದು ಕೇಳದ್ದು ಎಲ್ಲ ಒದರಿದಳು. ಮೇಡಂ ಸಾಕು ಎಂದರೂ ಬಿಡಲಿಲ್ಲ.

"ಈಗ ನೀವು ಬೆಕ್ಕು ಅಂತೆ" ಎಂದಳು.

ನನ್ನ ಜೀವ ಬಾಯಿಗೆ ಬಂತು. ಮೇಡಂ ಬಾಗಿಲ ಕಡೆ ನೋಡಿದರು. ಯಾರೂ ಇಲ್ಲ. ಕನ್ನಡಕ ತೆಗೆದಿಟ್ಟು, ಸಣ್ಣಗೆ—ಮಿಯಾಂವ್.

ಮನೆಗೆ ಬಂದಾಗಿನಿಂದ ಟೇಬಲ್ ಕೆಳಗೆ ಗುಂಡಿಯದೇ ದರ್ಬಾರು. ಅಕ್ಕಂದಿರಿಗೇ ಕೆಲಸ ಹಂಚುತ್ತಿದ್ದಾಳೆ, ಅವರೂ ಬಾಯಿ ಮುಚ್ಚಿಕೊಂಡು ಮಾಡುತ್ತಿದ್ದಾರೆ. ನೋಡಿ ಹೊಟ್ಟೆ ತುಂಬಿತು. ಈಗ ನನಗೂ ಕರೆ ಬಂದಿದೆ. ನಾನು ಕಂಬ ಅಂತೆ. ಮಾತಾಡಬಾರದಂತೆ, ಅಲುಗಾಡಬಾರದಂತೆ, ಬರೆಯಲೂ—