ಹಸಿರು ಬಳೆಗಳ ಒಳಗೆ

ಗದಗ, ಕ್ರಿ.ಶ. 2318, ಫೆಬ್ರುವರಿ ಮೂವತ್ತು

ಮುನ್ನೂರು ವರ್ಷಗಳ ಹಿಂದೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ಹಿರಿಯರಿಗೆ ಶಿವಗಂಗಾ ಹೊಂಬಳ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ನೀವು ಪ್ರತಿದೀಪ್ತಿ ಸೂಕ್ಷ್ಮದರ್ಶಕ ಎನ್ನುವ ಉಪಕರಣಕ್ಕೆ ನಾವು ಮಿಣುಕುಗಾಜು ಎನ್ನುತ್ತೇವೆ. ಹೊಳೆಯುವ ಬಣ್ಣ ಹಚ್ಚಿದ್ದಷ್ಟೇ ಅದರಲ್ಲಿ ಕಾಣುತ್ತದೆ, ಉಳಿದದ್ದೆಲ್ಲ ಕತ್ತಲು.

ನಮ್ಮ ಓಣಿಯಲ್ಲಿ ಔಷಧಿಯನ್ನು ಮನೆಯಲ್ಲೇ ಮಾಡುತ್ತೇವೆ. ಔಷಧಿ ಬೆರೆಸಿದ ಎಣ್ಣೆಯನ್ನು ಜಾಲಿ ಅಂಟಿನ ಬೆಚ್ಚನೆಯ ನೀರಿನಲ್ಲಿ ಕಡೆದು ನಿಧಾನವಾಗಿ ತಣಿಸಿದರೆ ಒಂದೊಂದು ಹನಿಗೂ ಸಿಪ್ಪೆ ಕಟ್ಟುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಮರಿಗುಳಿಗೆ ಎಂದು ಕರೆಯುತ್ತೇವೆ. ಮಾಡಿದವರು ಅದನ್ನು ಪರೀಕ್ಷಿಸುವಂತಿಲ್ಲ, ನೆರೆಮನೆಯವರೇ ಬಂದು ನೋಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ನಾವು ಕಾನೂನು ಮಾಡಿಕೊಂಡಿದ್ದೇವೆ.

ನನ್ನ ತಂಗಿ ಸಾವಂತ್ರಿಗೆ ಮೂರ್ಛೆರೋಗ. ಕಳೆದ ವರ್ಷ ಅವಳ ಗುಳಿಗೆ ಮುಗಿಯುವ ಹೊತ್ತಿಗೆ ನೆರೆಮನೆಯ ರುದ್ರಗೌಡರು ಊರಲ್ಲಿರಲಿಲ್ಲ. “ನೀ ಮಾಡೀದಿ ಅಂದಮ್ಯಾಲ ಮತ್ತೊಬ್ರು ಯಾಕ ನೋಡಬೇಕಕ್ಕಾ?” ಎಂದಳು. ನನಗೂ ಜಂಬ. ಅವಸರದಲ್ಲಿ ತಣಿಸಿ, ಸಿಪ್ಪೆಗೆ ಹಸಿರು ಬಣ್ಣ ಹಾಕಿ ನಾನೇ ನೋಡಿದೆ. ಗಾಜಿನ ತುಂಬ ಹಸಿರು ಬಳೆಗಳು, ಒಂದೂ ಒಡೆದಿರಲಿಲ್ಲ. ನೀವು ಉಳಿಸಿಹೋದ ಚಿತ್ರಗಳಲ್ಲಿ ಇದ್ದಂತೆಯೇ ಇದ್ದವು. ಒಳಗಿನ ಎಣ್ಣೆಗೆ ಕೆಂಪು ಬಣ್ಣ ಹಾಕಿ ನೋಡುವುದು ಬಾಕಿಯಿತ್ತು. ಇಷ್ಟು ಚೆಂದ ಇರುವಾಗ ಅದೆಲ್ಲ ಯಾಕೆ ಎನಿಸಿತು.

ಹನ್ನೆರಡನೆಯ ದಿನ ಸಾವಂತ್ರಿ ಹಿತ್ತಲಿನ ನೀರಿನ ತೊಟ್ಟಿಯ ಬಳಿ ಬಿದ್ದಳು. ಮತ್ತೆ ಏಳಲಿಲ್ಲ.

ರುದ್ರಗೌಡರು ಬಂದು ಉಳಿದ ಗುಳಿಗೆಗಳಿಗೆ ಕೆಂಪು ಹಾಕಿ ನೋಡಿದರು. ನೂರರಲ್ಲಿ ಎಂಬತ್ತು ಬಳೆಗಳೊಳಗೆ ಕೆಂಪೇ ಇಲ್ಲ. ಅವಸರದಲ್ಲಿ ತಣಿಸಿದ್ದರಿಂದ ಸಿಪ್ಪೆಯಲ್ಲಿ ಉಳಿದ ರಂಧ್ರಗಳಿಂದ ಎಣ್ಣೆ ಸೋರಿ, ಗುಳಿಗೆ ತೊಳೆದ ನೀರಿನೊಂದಿಗೇ ಹೋಗಿತ್ತು. ನನ್ನ ತಂಗಿ ಬರೀ ಸಿಪ್ಪೆ ನುಂಗಿದ್ದಳು. ಗೌಡರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮನ್ನು ದೂರುತ್ತಿಲ್ಲ, ತಪ್ಪು ನನ್ನದೇ. ಒಂದೇ ಬೇಡಿಕೆ. ನಿಮ್ಮ ಕಾಲದ ಸಾವಿರಾರು ಚಿತ್ರಗಳನ್ನು ಆಮೇಲೆ ಹುಡುಕಿದೆ. ಖಾಲಿ ಗುಳಿಗೆಯದು ಒಂದೂ ಇಲ್ಲ. ಕೆಟ್ಟದ್ದನ್ನು ಅಳಿಸಿ ಚೆಂದದ್ದನ್ನಷ್ಟೇ ಇಟ್ಟಿದ್ದೀರಿ. ದಯವಿಟ್ಟು ಕೆಟ್ಟದ್ದನ್ನೂ ಇಡಿ, ಎರಡೂ ಬಣ್ಣ ಹಾಕಿ, ಕೆಳಗೆ ಮಾಡಿದವರ ಹೆಸರು ಬರೆದು. ನನ್ನದನ್ನು ನಾನು ಇಟ್ಟಿದ್ದೇನೆ. ಕೆಲಸ ಕಲಿಯಲು ಬಂದವರು ಮೊದಲು ನೋಡುವುದು ಅದನ್ನೇ. ಅಂಥದೊಂದು ನನ್ನ ಕಣ್ಣಿಗೆ ಬಿದ್ದಿದ್ದರೆ ಅವತ್ತು ಕೆಂಪು ಡಬ್ಬಿಯನ್ನೂ ತೆಗೆಯುತ್ತಿದ್ದೆ. ಬರುವ ಸೋಮವಾರ ಸಾವಂತ್ರಿಗೆ ಇಪ್ಪತ್ತಾರು ತುಂಬುತ್ತಿತ್ತು.