ಬಿಸಿಲಿಗೆ ಸ್ವಿಚ್ ಇಲ್ಲ

ಫೆಬ್ರವರಿ 3, ಸಂಜೆ

ಏಳನೇ ತರಗತಿಯನ್ನು ಮತ್ತೆ ಶಾಲೆಯ ತಾರಸಿಗೆ ಹತ್ತಿಸಿದೆ. ಪಾಠದ ಪುಟ್ಟ ಸೋಲಾರ್ ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿದರೆ ಫ್ಯಾನ್ ನಿಲ್ಲುತ್ತದೆ, ತೆಗೆದರೆ ತಿರುಗುತ್ತದೆ. ಅದೇ ಆಟ, ಅದೇ ಗಲಾಟೆ. ನಾನು ಪ್ರಶ್ನೆಪುಟ್ಟಿ ಎಂದು ಕರೆಯುವ ಹುಡುಗಿ, ನಾನೇ ಓಡಾಡಿ ಶಾಲೆಗೆ ಹಾಕಿಸಿದ ದೊಡ್ಡ ಪ್ಯಾನೆಲ್‌ಗಳನ್ನು ತೋರಿಸಿದಳು.

"ಮಿಸ್, ಕೆಳಗೆ ಮೇನ್ ಆಫ್ ಮಾಡಿದ್ರೆ ಇವೂ ಆಫಾ?"

"ಇಲ್ಲಮ್ಮ. ಬಿಸಿಲು ಇರೋ ತನಕ ವೈರಲ್ಲಿ ಕರೆಂಟ್ ಇದ್ದೇ ಇರುತ್ತೆ. ಮುಟ್ಟಿದ್ರೆ ಜೀವ ಹೋಗುತ್ತೆ."

ಮನೆಗೆ ಬಂದರೆ ಅಣ್ಣ ಕೆಂಡವಾಗಿದ್ದ. ಇಷ್ಟು ವರ್ಷ ಶಾಲೆಗೆ ಜನರೇಟರ್ ಬಾಡಿಗೆ ಕೊಟ್ಟವನು. "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಸ್ವಂತ ತಂಗಿನೇ ಬೇಕಿತ್ತೇನೇ?" ತಟ್ಟೆ ಗೋಡೆಗೆ ಹೋಯಿತು. ಆಮೇಲೆ ಕೈ ನನ್ನ ಕೆನ್ನೆಗೆ.

ಫೆಬ್ರವರಿ 4

ಕೆನ್ನೆ ಊದಿದ್ದಕ್ಕೆ ಮಕ್ಕಳ ಹತ್ತಿರ ಹಲ್ಲುನೋವು ಎಂದೆ. ಪ್ರಶ್ನೆಪುಟ್ಟಿ ನಂಬಲಿಲ್ಲ... ಪ್ರಶ್ನೆಯನ್ನೂ ಕೇಳಲಿಲ್ಲ.

ಫೆಬ್ರವರಿ 9

ಪ್ಯಾನೆಲ್‌ಗೆ ಕಲ್ಲು. ತಡೆಯಲು ಹೋದ ವಾಚ್‌ಮನ್‌ನ ತಲೆ ಒಡೆದಿದೆ. ಅಣ್ಣನದೇ ಕೆಲಸ. ಅತ್ತಿಗೆ ಹೇಳುತ್ತಾರೆ, "ನೀನೇ ಸ್ವಲ್ಪ ತಗ್ಗಿ ಹೋಗಮ್ಮ." ಇನ್ನೆಷ್ಟು ತಗ್ಗಲಿ, ನೆಲದೊಳಗೆ ಹೋಗಲೇ? ಸಾಯಲಿ ಅವನು. ಬರೆದೇ ಬಿಟ್ಟೆ. ಅಳಿಸುವುದಿಲ್ಲ.

ಫೆಬ್ರವರಿ 12, ಮಧ್ಯಾಹ್ನ

ಪಾಠದ ನಡುವೆ ಅಣ್ಣ ತಾರಸಿಗೆ ಬಂದ, ಕೊಡಲಿ ಹಿಡಿದು. ಕೆಳಗೆ ಮೇನ್ ಆಫ್ ಮಾಡಿಯೇ ಬಂದಿದ್ದ — ಜನರೇಟರ್‌ನವನ ಅಭ್ಯಾಸ, ಆಫ್ ಮಾಡಿದರೆ ಮುಗಿಯಿತು. ಮೊದಲ ಏಟಿಗೇ ಗಾಜು ಸಿಡಿಯಿತು. ಪ್ರಶ್ನೆಪುಟ್ಟಿಯ ಹಣೆಯಿಂದ ರಕ್ತ. ಸಿಟ್ಟಿಗೆ ಕಣ್ಣು ಕಾಣಲಿಲ್ಲ ನನಗೆ. ಸ್ಟೂಲ್ ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ತಿರುಗಿ ಮುಖಕ್ಕೇ ಗುದ್ದಿದ. ಬಿದ್ದೆ. ಮತ್ತೆ ಕೊಡಲಿ — ವೈರ್ ಕಿತ್ತು ನೇತಾಡಿತು.

ಹುಡುಗಿ ಚೀರಿದಳು, "ಅಂಕಲ್, ಮುಟ್ಬೇಡಿ! ಕರೆಂಟಿದೆ!"

"ಮೇನ್ ಆಫಾಗಿದೆ, ಪುಟ್ಟಿ." ಆದರೂ ಕೈ ತಡೆದ. ನನ್ನ ಕಡೆ ನೋಡಿದ. "ಇದೆಯೇನೇ?"

ನನ್ನಿಂದ ಉತ್ತರ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದ.

ಆ ವಾಸನೆ... ಬೇಡ.

ಫೆಬ್ರವರಿ 16

ಅಣ್ಣನನ್ನು ಮಸಣಕ್ಕೆ ಕಳಿಸಿಕೊಟ್ಟಾಯಿತು. ಮಿಸ್ ತಡೆದ್ರು ಎಂದು ಮಕ್ಕಳು ಪೊಲೀಸರಿಗೆ ಹೇಳಿದ್ದಾರೆ. ಅತ್ತಿಗೆ ಮಾತ್ರ ಬಂದು ಎದುರಿಗೆ ಕೂತರು.

"ಅವ್ರು ನಿನ್ನ ಕೇಳಿದ್ರಂತಲ್ಲ. ಯಾಕಮ್ಮ ಹೇಳ್ಲಿಲ್ಲ?"

ಬಾಯಿ ತುಂಬ ರಕ್ತವಿತ್ತು, ಮಾತು ಹೊರಡಲಿಲ್ಲ ಎಂದೆ. ತಲೆ ಸವರಿ ಹೋದರು.

ರಕ್ತ ಇದ್ದದ್ದು ನಿಜ. ಆದರೆ ಅವನು ಕೇಳಿದ್ದಕ್ಕೂ, ಹಿಡಿದದ್ದಕ್ಕೂ ನಡುವೆ ಮಕ್ಕಳಿಗೆ ಕೂಗಿದ್ದೆ, "ಎಲ್ಲರೂ ಹಿಂದೆ ಸರೀರಿ" ಎಂದು. ಗಟ್ಟಿಯಾಗಿ, ಸ್ಪಷ್ಟವಾಗಿ. ಅಂದರೆ ನನಗೆ ಮಾತು—